ಒಲೆಗೋಡೆಗೆ ಕೆನ್ನೆಯಿಟ್ಟವಳು

ಬೆಳಕು ಹರಿಯುವ ಮೊದಲೇ ಕೊಪ್ರಿಯಾ ಬಾಗಿಲು ಸರಿಸಿ ಹೊರಗೆ ಬಂದಳು. ಒಂದು ಕಂಕುಳಲ್ಲಿ ಖರ್ಜೂರದ ಗರಿಯ ಬುಟ್ಟಿ, ಇನ್ನೊಂದು ಕೈಯಲ್ಲಿ ಮೋಟು ಗುದ್ದಲಿ. ಬಾತು ಸಾಕುವವರ ಆ ಕೇರಿಯಲ್ಲಿ ಅಷ್ಟು ಹೊತ್ತಿಗೇ ಎದ್ದು ಸದ್ದು ಮಾಡುತ್ತಿದ್ದುದು ಬಾತುಗಳು, ಅವನ್ನು ಬಿಟ್ಟರೆ ಎದುರುಮನೆಯ ಟೆಕೋಸಿಸ್.

"ಏನೇ ಕೊಪ್ರಿಯಾ, ತವರಿಗೆ ಹೊರಟ್ಯಾ?" ಬೀಸುಕಲ್ಲಿನ ಮುಂದೆ ಕೂತಲ್ಲಿಂದಲೇ ಟೆಕೋಸಿಸ್ ಕೂಗಿದಳು. "ನಿಮ್ಮವ್ವನ್ನ ಕೇಳಿದೆ ಅಂತ ಹೇಳು!"

"ಹೇಳ್ತೀನಿ ಬಿಡು. ಬೀಸೋ ಕಲ್ಲಿಗಾದ್ರೂ ಒಂದಿಷ್ಟು ಬಿಡುವು ಕೊಡ್ತೀಯ, ನಿನ್ನ ಬಾಯಿಗೆ ಮಾತ್ರ ಕೊಡಲ್ಲ ನೋಡು."

ದಿನ ಬೆಳಗಾದರೆ ಇದೇ ಮಾತು, ಇದೇ ಉತ್ತರ. ಎಷ್ಟೋ ದಿನ ಬೆಳಗಿನಿಂದ ಬೈಗಿನವರೆಗೆ ಕೊಪ್ರಿಯಾಳ ಬಾಯಿಂದ ಹೊರಬೀಳುತ್ತಿದ್ದ ಮಾತು ಅಷ್ಟೇ. ಆಮೇಲೆ ಅವಳಿಗೆ ಅವಳ ನೂಲುವ ಕದಿರು, ಕದಿರಿಗೆ ಅವಳು.

ತವರು ಎಂದು ಟೆಕೋಸಿಸ್ ಆಡಿಕೊಂಡದ್ದು ಊರಿನ ಪಡುವಣ ಬಾಗಿಲಾಚೆ, ಮರಳುಗಾಡಿನ ಅಂಚಿಗೆ ಗುಡ್ಡದಂತೆ ಬೆಳೆದಿದ್ದ ತಿಪ್ಪೆಯನ್ನು. ನೈಲ್ ನದಿಯ ಕಾಲುವೆ ದಂಡೆಯ ಆ ಊರಿನವರು ತಲೆತಲಾಂತರದಿಂದ ಒಡೆದ ಮಡಕೆ, ಒಲೆಯ ಬೂದಿ, ಹರಿದ ಚಾಪೆ, ಮೀನಿನ ಮುಳ್ಳು ಎಲ್ಲವನ್ನೂ ತಂದು ಅಲ್ಲಿಯೇ ಸುರಿಯುತ್ತಿದ್ದರು. ಕೂಸುಗಳನ್ನೂ ತಂದಿಡುತ್ತಿದ್ದರು. ಹುಟ್ಟಿದ ಕೂಸನ್ನು ನೋಡಿ ಅಪ್ಪನಾದವನು 'ಇರಲಿ' ಎಂದರೆ ಇಟ್ಟುಕೊಳ್ಳುವುದು, 'ಬೇಡ' ಎಂದರೆ ತಿಪ್ಪೆಗಿಟ್ಟು ಬರುವುದು. ಅದರಲ್ಲಿ ಮುಚ್ಚುಮರೆಯಿರಲಿಲ್ಲ. ಸಾಕಿ ಆಳು ಮಾಡಿಕೊಳ್ಳುವ ಆಸೆಯವರು ಸಂಜೆ ಹೊತ್ತಿಗೆ ಅಲ್ಲಿ ಒಂದು ಸುತ್ತು ಹಾಕುತ್ತಿದ್ದರು, ಗಟ್ಟಿಮುಟ್ಟಾದುದನ್ನು ಎತ್ತಿಕೊಂಡು ಹೋಗುತ್ತಿದ್ದರು. ಹಾಗೆ ಎತ್ತಿ ತಂದ ಕೂಸಿಗೆ ಹೆಸರು ಹುಡುಕುವ ತೊಂದರೆಯನ್ನೂ ಯಾರೂ ಹೆಚ್ಚು ತೆಗೆದುಕೊಳ್ಳುತ್ತಿರಲಿಲ್ಲ. ಕೊಪ್ರಿಯಾ ಎಂದರೆ ತಿಪ್ಪೆಯವಳು. ಊರಿನಲ್ಲಿ ಆ ಹೆಸರಿನವರು ಇನ್ನೂ ಹಲವರಿದ್ದರು.

ಅವಳನ್ನು ಎತ್ತಿಕೊಂಡವನು ಪೆಕೂಸಿಸ್ ಎಂಬ ಕತ್ತೆ ಹೊಡೆಯುವವನು. ಕತ್ತೆಮರಿಗಳ ಜೊತೆಗೇ ಬೆಳೆದಳು. ಬೆರಳು ಕದಿರು ತಿರುಗಿಸುವಷ್ಟಾದ ಕೂಡಲೇ ಅವನು ಅವಳನ್ನು ನಾರುಬಟ್ಟೆ ನೇಯುವ ಒಂದು ದೊಡ್ಡಮನೆಗೆ ಮಾರಿದ. ಅಲ್ಲಿ ಅವಳು ಹೆಂಗಸಾದಳು. ಮದುವೆ ಎನ್ನುವುದು ಆಳುಗಳಿಗೆ ಇರಲಿಲ್ಲ, ಆದರೂ ಒಂದು ಹೆಣ್ಣು ಕೂಸು ಹುಟ್ಟಿತು. ಅದೇ ಹೊತ್ತಿಗೆ ಒಡತಿಗೂ ಗಂಡು ಮಗು ಹುಟ್ಟಿತು. ಒಡತಿಗೆ ಹಾಲು ಬರಲಿಲ್ಲ. ಒಡೆಯ ಬಂದು ಕೊಪ್ರಿಯಾಳ ಮಗ್ಗುಲಲ್ಲಿದ್ದ ಕೂಸನ್ನು ನೋಡಿದ. ಒಂದು ಎದೆಗೆ ಎರಡು ಬಾಯಿ ಯಾಕೆ ಎಂದ. ಅಷ್ಟೇ.

ಸಂಜೆ ಕೂಸು ತಿಪ್ಪೆಗೆ ಹೋಯಿತು. ಅವತ್ತೇ ಒಡತಿಯ ಮಗನನ್ನು ತಂದು ಅವಳ ಎದೆಗೆ ಹಾಕಿದರು. ಮಾರನೆಯ ಬೆಳಗ್ಗೆ ಬೂದಿ ಚೆಲ್ಲುವ ನೆಪದಲ್ಲಿ ಅವಳು ತಿಪ್ಪೆಗೆ ಓಡಿದಳು. ಅಲ್ಲಿ ಕೂಸು ಇರಲಿಲ್ಲ. ಯಾರಾದರೂ ಎತ್ತಿಕೊಂಡು ಹೋಗಿದ್ದರೋ, ನಾಯಿಗಳ ಪಾಲಾಗಿತ್ತೋ ಗೊತ್ತಾಗಲಿಲ್ಲ. ಆದರೆ ಬರಿಗೈಯಲ್ಲಿ ತಿರುಗುವಾಗ ಬೇರೆ ಯಾರದೋ ಒಂದು ಕೂಸು ಮಡಕೆಚೂರುಗಳ ನಡುವೆ ತಣ್ಣಗೆ ಮಲಗಿತ್ತು. ಸೆರಗಿನ ತುದಿ ಹರಿದು ಅದಕ್ಕೆ ಸುತ್ತಿದಳು. ಕೈಯಲ್ಲೇ ಗುಂಡಿ ತೋಡಿದಳು. ತನ್ನದನ್ನು ಕಂಡವರೂ ಯಾರಾದರೂ ಇಷ್ಟು ಮಾಡಿದ್ದಾರು ಎಂದುಕೊಂಡಳು.

ಅಂದಿನಿಂದ ಬೆಳಗ್ಗೆ ಅಲ್ಲಿಗೆ ಹೋಗುವುದು ನಿಂತಿಲ್ಲ. ಉಸಿರಿರುವವುಗಳನ್ನು ಸಂಜೆಗೇ ಎತ್ತಿಕೊಂಡು ಹೋಗುವವರಿದ್ದರು. ಬೆಳಗಿಗೆ ಉಳಿಯುತ್ತಿದ್ದುದು ಅವಳ ಪಾಲಿಗೆ. ಮಗ ಇನ್ನೂ ಚಿಕ್ಕವನಿರುವಾಗಲೇ ಒಡತಿ ಸತ್ತಳು. ಸಾಯುವಾಗ, ನನ್ನ ಮಗನಿಗೆ ಹಾಲು ಕೊಟ್ಟವಳು ಎಂದು ಅವಳನ್ನು ಆಳುತನದಿಂದ ಬಿಡಿಸಿ ಹೋದಳು. ಕೊಪ್ರಿಯಾ ಬಾತುಕೇರಿಯಲ್ಲಿ ಒಂದು ಕೋಣೆ ಹಿಡಿದಳು, ಕೂಲಿಗೆ ಅಗಸೆ ನಾರಿನ ನೂಲು ತೆಗೆದು ಹೊಟ್ಟೆ ಹೊರೆದಳು. ನೂಲಿಗೆ ಬಾರದ ನಾರಿನಲ್ಲಿ, ಹಳೆಯ ಚಿಂದಿಯಲ್ಲಿ ಅಂಗೈಯಗಲದ ಬಟ್ಟೆಗಳನ್ನು ಹೊಂದಿಸಿ ಬುಟ್ಟಿಯಲ್ಲಿಟ್ಟುಕೊಂಡು ದಿನಾ ಗುಡ್ಡ ಹತ್ತಿದಳು. ಕೇರಿಯವರು ಚಿಂದಿ ಆಯಲು ಹೋಗುತ್ತಾಳೆ ಎಂದುಕೊಂಡರು. ಅವಳೂ ಹಾಗೆಯೇ ಅಂದುಕೊಳ್ಳಲಿ ಎಂದು ಬಿಟ್ಟಳು.

ಹಾಲು ಕುಡಿದ ಆ ಹುಡುಗ, ಅಮ್ಮೋನಾಸ್, ಈಗ ಗಡ್ಡ ನೆರೆತ ಯಜಮಾನ. ಸಂತೆಬೀದಿಯಲ್ಲಿ ಎದುರಾದರೆ ಕೊಪ್ರಿಯಾ ನಿಂತು ದಾರಿ ಬಿಡುತ್ತಿದ್ದಳು. ಅವನು ಒಮ್ಮೆಯೂ ತಿರುಗಿ ನೋಡಿದವನಲ್ಲ. ಸೊಕ್ಕಿನಿಂದಲ್ಲ, ಗುರುತೇ ಇರಲಿಲ್ಲ. ಅವನ ಎಡಗಿವಿಯ ಹಿಂದೆ ಹೆಸರುಕಾಳಿನಷ್ಟು ಮಚ್ಚೆಯಿತ್ತು. ಮಗುವಾಗಿದ್ದಾಗ ಅದಕ್ಕೆ ಅವಳು ಮುತ್ತಿಡುತ್ತಿದ್ದಳು. ಅವನು ಮೂರು ವರ್ಷದವನಾಗಿ ಎದೆ ಬಿಟ್ಟ ಮೇಲೆ ಮತ್ತೊಂದು ಮುಖ ಅವಳ ಮುಖಕ್ಕೆ ತಾಗಿರಲಿಲ್ಲ.

ಕ್ರಿಸ್ತನ ಕಡೆಯವರ ಕೂಟಕ್ಕೆ ಅವಳು ಬಂದದ್ದು ರೊಟ್ಟಿಯ ದಾರಿಯಿಂದ. ರೊಟ್ಟಿ ಸುಡುವ ಬೀದಿಯಲ್ಲಿ ಹೆರಾಯಿಸ್ ಎಂಬ ವಿಧವೆಯ ಅಂಗಡಿ. ತೋರ ಮೈ, ನೋಯುವ ಮಂಡಿ, ದೊಡ್ಡ ಗಂಟಲು. ಜವೆಯ ರೊಟ್ಟಿ ಕೊಳ್ಳಲು ನಿಂತ ಕೊಪ್ರಿಯಾಳಿಗೆ ಒಂದು ದಿನ ಹೆರಾಯಿಸ್, "ವಾರದ ಮೊದಲನೇ ದಿನ ಹಿತ್ತಿಲ ಕೋಣೆಗೆ ಬಾರಮ್ಮ. ನಮ್ಮ ಹಿರಿಯರು ನಾಲ್ಕು ಒಳ್ಳೆ ಮಾತು ಹೇಳ್ತಾರೆ. ಕೂತು ಕೇಳೋಕೆ ಕಾಸು ಕೊಡ್ಬೇಕಿಲ್ಲ" ಎಂದಳು. ಕರೆದದ್ದೇ ದೊಡ್ಡದಾಗಿ ಕೊಪ್ರಿಯಾ ಹೋದಳು.

ಹಿರಿಯ ಪೌಸಿರಿಸ್ ಕಸುಬಿನಲ್ಲಿ ಕುಂಬಾರ. ಮಾತು ಆಡುವಾಗಲೂ ಅವನ ಹೆಬ್ಬೆರಳು ಕಾಣದ ಮಣ್ಣನ್ನು ಒತ್ತುತ್ತಿರುವಂತೆ ಆಡುತ್ತಿತ್ತು. ಅವತ್ತು ಅವನು ಕೈಯಲ್ಲಿ ಒಂದು ಮಡಕೆಚೂರು ಹಿಡಿದುಕೊಂಡಿದ್ದ.

"ಇದು ತಿಪ್ಪೆ ಮೇಲೆ ಸಿಕ್ತು. ಹಿಡಿ ಕೂಡಿಸಿದ ಜಾಗ ನೋಡಿ, ಇಲ್ಲಿ ಹೆಬ್ಬೆಟ್ಟಿನ ಗುರುತಿದೆ. ನಂದೇ. ಯಾವತ್ತೋ ಮಾಡಿದ ಮಡಕೆ, ಯಾರೋ ಒಡೆದ್ರು, ಯಾರೋ ಬಿಸಾಕಿದ್ರು. ನಂಗೆ ಮಾತ್ರ ನೋಡಿದ ಕೂಡ್ಲೇ ನಂದು ಅಂತ ಗೊತ್ತಾಯ್ತು. ಬಿಸಾಕಿದೋನು ಯಾರು ಬೇಕಾದ್ರೂ ಇರ್ಲಿ ಕಣ್ರಪ್ಪ, ಗುರುತು ಮಾಡಿದೋನದು. ಆಳಾಗ್ಲಿ, ಒಡೆಯ ಆಗ್ಲಿ, ಹೆಣ್ಣಾಗ್ಲಿ, ಗಂಡಾಗ್ಲಿ. ಆ ಹೆಬ್ಬೆಟ್ಟು ಇಲ್ದೋರು ಇಲ್ಲಿ ಯಾರೂ ಇಲ್ಲ."

ಅಂಥ ಚೂರುಗಳನ್ನು ಕೊಪ್ರಿಯಾ ದಿನಾ ತುಳಿಯುತ್ತಿದ್ದಳು. ಮಾರನೆಯ ಬೆಳಗ್ಗೆ ಗುಡ್ಡದ ಮೇಲೆ ಒಂದನ್ನು ಎತ್ತಿ ತಿರುಗಿಸಿ ನೋಡಿದಳು. ಹಿಡಿಯ ಬುಡದಲ್ಲಿ ಯಾರದೋ ಹೆಬ್ಬೆಟ್ಟಿನ ಕುಳಿ ಇತ್ತು. ತನ್ನ ಹೆಬ್ಬೆಟ್ಟನ್ನು ಅದರಲ್ಲಿ ಇಟ್ಟು ಬಹಳ ಹೊತ್ತು ನಿಂತಿದ್ದಳು.

ಕೂಟದಲ್ಲಿ ಒಂದು ಕಟ್ಟುಪಾಡಿತ್ತು. ದೀಕ್ಷಾಸ್ನಾನಕ್ಕೆ ನೀರಿಗಿಳಿಯದವರು ಕಲಿಯುವವರು. ಬೋಧನೆ ಮುಗಿದ ಮೇಲೆ ಅವರು ಏಳಬೇಕು. ಬಾಗಿಲು ಕಾಯುವ ಕುಂಟ ಹೋರಿಯೋನ್ ಕೋಲು ಕುಟ್ಟಿ, "ಕಲಿಯೋರು ಹೊರಡಿ!" ಎನ್ನುತ್ತಿದ್ದ. ಅವರು ಹೊರಗೆ ಹೋದ ಮೇಲೆ ಬಾಗಿಲು ಮುಚ್ಚುತ್ತಿತ್ತು. ಒಳಗೆ ಉಳಿದವರು ಒಬ್ಬರಿಗೊಬ್ಬರು ಸಮಾಧಾನದ ಮುತ್ತು ಕೊಟ್ಟುಕೊಳ್ಳುತ್ತಿದ್ದರು, ಗಂಡಸರು ಗಂಡಸರಿಗೆ, ಹೆಂಗಸರು ಹೆಂಗಸರಿಗೆ. ಆಮೇಲೆ ರೊಟ್ಟಿ ಮುರಿಯುತ್ತಿದ್ದರು. ಅಣ್ಣ, ಅಕ್ಕ, ತಂಗಿ ಎಂದು ಕರೆಯುತ್ತಿದ್ದುದು ಒಳಗಿನವರು ಒಳಗಿನವರನ್ನು. ಕಲಿಯುವವರನ್ನು ಹೆಸರು ಹಿಡಿದು ಕರೆಯುತ್ತಿದ್ದರು.

ಹೊರಬಂದ ಕಲಿಯುವವರು ಮನೆಗೆ ಹೋಗುತ್ತಿದ್ದರು. ಕೊಪ್ರಿಯಾ ಮಾತ್ರ ಹಿಂದಿನ ಓಣಿಗೆ ಹೋಗುತ್ತಿದ್ದಳು. ಅಲ್ಲಿ ಹೆರಾಯಿಸಳ ರೊಟ್ಟಿ ಒಲೆಯ ಬೆನ್ನು ಗೋಡೆಯಿಂದ ಹೊಟ್ಟೆಯಂತೆ ಉಬ್ಬಿಕೊಂಡಿತ್ತು, ಬೆಳಗಿನ ಬೆಂಕಿಯ ಶಾಖ ಅದರಲ್ಲಿ ಇನ್ನೂ ಇರುತ್ತಿತ್ತು. ಮೇಲೆ ಹಿತ್ತಿಲ ಕೋಣೆಯ ಗಾಳಿಗೆ ಬಿಟ್ಟ ಒಂದು ಕಿಂಡಿ. ಅವಳು ಆ ಬೆಚ್ಚನೆಯ ಗೋಡೆಗೆ ಕೆನ್ನೆಯಿಟ್ಟು ನಿಲ್ಲುತ್ತಿದ್ದಳು. ಒಳಗೆ ಒಮ್ಮೆ ಮೌನವಾಗುತ್ತಿತ್ತು. ಆಮೇಲೆ ಬಟ್ಟೆಗಳ ಸರಬರ, ಬಳೆಯ ಸಣ್ಣ ಸದ್ದು, "ಸಮಾಧಾನ ಅಕ್ಕ", "ಸಮಾಧಾನ ತಂಗಿ". ಅದಿಷ್ಟು ಕೇಳಿಸಿಕೊಂಡು, ಕೆನ್ನೆಗೆ ಹತ್ತಿದ ಮಸಿ ಒರೆಸಿಕೊಂಡು, ಮನೆಗೆ ಹೋಗುತ್ತಿದ್ದಳು.

ಮೂರು ವರ್ಷ ಕಲಿತರೆ ನೀರಿಗಿಳಿಯಬಹುದು ಎಂಬುದು ವಾಡಿಕೆ. ಕೊಪ್ರಿಯಾ ಬಂದು ಅದರ ನಾಲ್ಕರಷ್ಟು ಕಾಲವಾಗಿತ್ತು. ಅವಳ ಜೊತೆ ಬಂದವರು ಒಳಗೆ ಹೋದರು, ಅವರ ಮಕ್ಕಳು ಬಂದು ಅವರೂ ಒಳಗೆ ಹೋದರು. ಅವಳಿಗೆ ಒಳಗೆ ಹೋಗುವ ಆಸೆ ಗಂಟಲವರೆಗೆ ಇತ್ತು. ಆದರೆ ಬಾಯಿಬಿಟ್ಟು ಕೇಳಲಾರಳು. ನೀರಿಗಿಳಿಯುವವರನ್ನು ಕೂಟದ ಮುಂದೆ ನಿಲ್ಲಿಸಿ ವಿಚಾರಿಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಏನು ವಿಚಾರಿಸುತ್ತಾರೆ ಎಂಬುದನ್ನು ಕಲಿಯುವವರಿಗೆ ಹೇಳುತ್ತಿರಲಿಲ್ಲ. ಅವಳು ತನ್ನಷ್ಟಕ್ಕೆ ಊಹಿಸಿಕೊಂಡಿದ್ದಳು. ಆ ಊರಿನಲ್ಲಿ ಧಾನ್ಯ ಅಳೆಸಿಕೊಳ್ಳಲು ಹೋದರೂ, ಸ್ನಾನದ ಮನೆಯ ಬಾಗಿಲಿಗೆ ಹೋದರೂ, ಹೆಣ ಹೊತ್ತು ಮಸಣಕ್ಕೆ ಹೋದರೂ ಮೊದಲ ಪ್ರಶ್ನೆ ಒಂದೇ: ಅಪ್ಪ ಯಾರು? ಅಪ್ಪನ ಹೆಸರಿಲ್ಲ ಎಂದಾಗ ಕೇಳಿದವನ ಹುಬ್ಬು ಏರುವ ರೀತಿ ಅವಳಿಗೆ ಬಾಯಿಪಾಠವಾಗಿತ್ತು. ಆ ಹುಬ್ಬು ಈ ಕೋಣೆಯಲ್ಲೂ ಏರುವುದನ್ನು ನೋಡುವುದಕ್ಕಿಂತ ಹೊರಗಿನ ಗೋಡೆಯೇ ಮೇಲು ಎನಿಸಿತ್ತು.

ಒಳಗಿನವರು ಬೇರೆಯೇ ಅರ್ಥ ಮಾಡಿಕೊಂಡಿದ್ದರು. ಅವಳಿಗೆ ಯಾವುದೋ ಬಿಡಲಾಗದ ಚಾಳಿಯಿದೆ, ಇಲ್ಲವೇ ಹಳೆಯ ದೇವರ ಹರಕೆಯಿದೆ, ಅದಕ್ಕೇ ಮುಂದೆ ಬರುತ್ತಿಲ್ಲ, ಒತ್ತಾಯ ಮಾಡಬಾರದು ಎಂದು.

ಆ ವರ್ಷ ವಸಂತದ ದೊಡ್ಡ ಹಬ್ಬಕ್ಕೆ ಮುಂಚೆ ಹೋರಿಯೋನ್ ಬಾಗಿಲಲ್ಲಿ ಅವಳನ್ನು ಹಿಡಿದ.

"ಏನವ್ವಾ ಕೊಪ್ರಿಯಾ, ನೀನು ನೀರಿಗಿಳಿಯೋ ಹೊತ್ತಿಗೆ ನೈಲೇ ಒಣಗಿಹೋಗುತ್ತೋ ಏನೋ! ನನ್ನ ಇನ್ನೊಂದು ಕಾಲೂ ಕುಂಟಾಗೋದ್ರೊಳಗೆ ಮನಸ್ಸು ಮಾಡು. ವಾರವಾರ ನಿನ್ನ ಹೊರಗೆ ಹಾಕಿ ಹಾಕಿ ನಂಗೇ ಪಾಪ ಸುತ್ಕೊಳ್ಳುತ್ತೆ."

ನಗಬೇಕೆಂದು ಬಾಯಿ ತೆರೆದಳು. ಬಂದದ್ದು ಬೇರೆ ಮಾತು: "ಹೇಳಯ್ಯಾ ಅವ್ರಿಗೆ. ಈ ಸಲ ನಿಲ್ತೀನಿ."

ವಿಚಾರಣೆಯ ದಿನ ಬಣ್ಣಗಾರನ ಮನೆಯ ಆಳುಹುಡುಗಿಯೊಬ್ಬಳು ಮೊದಲು ನಿಂತಳು. ಅವಳ ಪರವಾಗಿ ಒಬ್ಬಾಕೆ ಎದ್ದು, ಇವಳು ಕಾಯಿಲೆಯವರನ್ನು ನೋಡಿಕೊಂಡದ್ದು, ಇವಳ ಬಾಯಿಯಲ್ಲಿ ಸುಳ್ಳು ಬಾರದಿರುವುದು, ಎಲ್ಲವನ್ನೂ ಹೇಳಿದಳು. ಕೊಪ್ರಿಯಾ ಅದನ್ನು ಕೇಳಿಸಿಕೊಳ್ಳಲಿಲ್ಲ. ತನ್ನ ಉತ್ತರವನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದಳು. ಹೆಸರು ಕೂಗಿದ ಕೂಡಲೇ ಎದ್ದು ನಿಂತು, ಯಾರೂ ಏನೂ ಕೇಳುವ ಮೊದಲೇ ಹೇಳಿಬಿಟ್ಟಳು:

"ನಂಗೆ ಅಪ್ಪ ಇಲ್ಲ ಅಯ್ಯಾ. ಅವ್ವನೂ ಗೊತ್ತಿಲ್ಲ. ತಿಪ್ಪೆ ಮೇಲೆ ಸಿಕ್ಕೋಳು. ಹೆಸರಲ್ಲೇ ಇದೆ."

ಪೌಸಿರಿಸನ ಹುಬ್ಬು ಏರಲಿಲ್ಲ. "ಅದನ್ನ ಯಾರು ಕೇಳಿದ್ರಮ್ಮ?" ಎಂದ. "ಈ ಕೋಣೇಲಿ ಯಾರ ಅಪ್ಪನ್ನೂ ಯಾವತ್ತೂ ಕೇಳಿಲ್ಲ. ಕೇಳಿದ್ರೆ ಅರ್ಧ ಜನ ಎದ್ದು ಹೋಗ್ಬೇಕಾಗುತ್ತೆ. ಇದಕ್ಕಾ ಇಷ್ಟು ವರ್ಷ ಹಿಂದೆ ನಿಂತೆ ನೀನು?"

ಅಷ್ಟು ವರ್ಷದ ಹೆದರಿಕೆ ಇಲ್ಲದ ಪ್ರಶ್ನೆಗೆ! ಕೊಪ್ರಿಯಾ ಅಳುವುದೋ ನಗುವುದೋ ತಿಳಿಯದೆ ನಿಂತಳು.

"ನಾವು ಕೇಳೋದು ಒಂದೇ," ಎಂದು ಪೌಸಿರಿಸ್ ಕೂಟದ ಕಡೆ ತಿರುಗಿದ. "ಈಕೆ ಹೇಗೆ ಬಾಳ್ತಾಳೆ ಅಂತ ಕಣ್ಣಾರೆ ಕಂಡೋರು ಯಾರು?"

ಯಾರೂ ಏಳಲಿಲ್ಲ.

ಯಾರು ಏಳಬೇಕೆಂದು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನೆಲ ನೋಡಿದರು.

"ಹೆರಾಯಿಸ್, ನೀನೇ ಅಲ್ವಾ ಕರ್ಕೊಂಡು ಬಂದೋಳು?"

"ಹೌದಣ್ಣ. ಒಳ್ಳೆ ಹೆಂಗಸು."

"ಎಲ್ಲಿರ್ತಾಳೆ?"

ಹೆರಾಯಿಸಳ ದೊಡ್ಡ ಗಂಟಲು ಸಣ್ಣದಾಯಿತು. "ಪಡುವಣ ಕಡೆ... ಇರ್ಬೇಕು."

"ಯಾರ ಜೊತೆ ಇರ್ತಾಳೆ? ಹೋದ ವರ್ಷ ಜ್ವರದ ಕಾಲದಲ್ಲಿ ಈಕೆ ಮಲಗಿದ್ರೆ ನೀರು ಕೊಟ್ಟೋರು ಯಾರು?"

ಮಲಗಿದ್ದಳು. ಯಾರೂ ಕೊಟ್ಟಿರಲಿಲ್ಲ. ತೆವಳಿಕೊಂಡು ಹೂಜಿಯ ಹತ್ತಿರ ಹೋಗಿದ್ದಳು. ಈಗ ಅದನ್ನು ಹೇಳಿದರೆ ದೂರಿದಂತಾಗುತ್ತದೆ ಎಂದು ಸುಮ್ಮನಿದ್ದಳು.

ಬಾಗಿಲಿನಿಂದ ಹೋರಿಯೋನ್ ಕೆಮ್ಮಿದ. "ಹೊತ್ತಿಗೆ ಸರಿಯಾಗಿ ಬರ್ತಾಳೆ, ಹೊತ್ತಿಗೆ ಸರಿಯಾಗಿ ಹೋಗ್ತಾಳೆ. ಬಾಗಿಲು ಕಾಯೋನು ನಾನು, ನಂಗೆ ಗೊತ್ತಿರೋದು ಇಷ್ಟೇ." ಯಾರೂ ನಗಲಿಲ್ಲ.

"ನೀನೇ ಹೇಳಮ್ಮ," ಎಂದ ಪೌಸಿರಿಸ್.

ಹೇಳಬಹುದಿತ್ತು. ಗುಡ್ಡದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದರೆ ಆ ಕೂಸುಗಳನ್ನು ಮುಂದೆ ಹಿಡಿದು ಕೂಲಿ ಕೇಳಿದಂತೆ. ಅದಕ್ಕಿಂತ ಹೆಚ್ಚಾಗಿ, ಆ ಕೂಸುಗಳ ತಾಯಂದಿರು ಇದೇ ಊರಿನವರು, ಒಬ್ಬಿಬ್ಬರು ಇದೇ ಕೋಣೆಯಲ್ಲಿ ಕೂತಿರಲೂಬಹುದು.

"ಹೇಳೋಕೆ ಏನೂ ಇಲ್ಲ ಅಯ್ಯಾ. ನೂಲು ತೆಗೀತೀನಿ."

ಪೌಸಿರಿಸ್ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. "ಕಂಡೋರಿಲ್ದೆ ನೀರಿಗಿಳಿಸೋ ಪದ್ಧತಿ ನಮ್ಮಲ್ಲಿಲ್ಲಮ್ಮ. ಹನ್ನೆರಡು ವರ್ಷ ನಮ್ಮ ಮಧ್ಯೆ ಕೂತೋಳ ಮನೆ ಯಾವುದು ಅಂತ ನಮ್ಮಲ್ಲಿ ಒಬ್ರಿಗೂ ಗೊತ್ತಿಲ್ಲ. ತಪ್ಪು ನಿಂದಲ್ಲ, ನಮ್ದು. ಆದ್ರೂ ಈ ಸಲ..." ಮಾತನ್ನು ಅಲ್ಲಿಗೇ ಬಿಟ್ಟ.

ಹೋರಿಯೋನ್ ಕೋಲು ಕುಟ್ಟುವ ಮೊದಲೇ ಅವಳು ಎದ್ದು ಹೋದಳು. ಕಾಲು ತಾನಾಗಿ ಓಣಿಗೆ ಒಯ್ದಿತು. ಗೋಡೆಗೆ ಕೆನ್ನೆಯಿಟ್ಟಳು. ಹಬ್ಬದ ಮುಂಚಿನ ಉಪವಾಸದ ದಿನಗಳು, ಒಲೆ ಹಚ್ಚಿರಲಿಲ್ಲ. ಗೋಡೆ ತಣ್ಣಗಿತ್ತು.

ಅಪ್ಪನಿಲ್ಲದಿರುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಆದರೆ ಕಂಡವರೇ ಇಲ್ಲದಿರುವುದು? ಅದು ಹುಟ್ಟಿನಿಂದ ಬಂದದ್ದಲ್ಲ. ಒಂದೊಂದೇ ದಿನ ಕೂಡಿ, ಅವಳು ನೋಡನೋಡುತ್ತಲೇ ಬೆಳೆದದ್ದು. ತಾನು ಸತ್ತರೆ ಮೊದಲು ತಿಳಿಯುವುದು ಟೆಕೋಸಿಸಳ ಬಾತುಗಳಿಗೆ ಎಂದುಕೊಂಡಳು.

ಆದರೂ ಬೆಳಗಾಯಿತು, ಬುಟ್ಟಿ ಹೊರಟಿತು. ಅಂದು ಗುಡ್ಡದ ಮೇಲೆ ಒಂದು ಗಂಡು ಕೂಸು. ಅದರ ಬೆರಳುಗಳು ಏನನ್ನೋ ಹಿಡಿದಿದ್ದಂತೆ ಮಡಚಿದ್ದವು. ಬಿಡಿಸಿ ನೋಡಿದರೆ ಏನೂ ಇರಲಿಲ್ಲ. ಬಟ್ಟೆ ಸುತ್ತಿದಳು, ಮಣ್ಣು ಮುಚ್ಚಿದಳು, ನಾಯಿ ಕೆದಕದಂತೆ ಮೇಲೆ ಮಡಕೆಚೂರುಗಳನ್ನು ಒತ್ತಾಗಿ ಜೋಡಿಸಿದಳು. ಒಂದು ಚೂರು ಹಿಡಿಯದು, ಹೆಬ್ಬೆಟ್ಟಿನ ಗುರುತಿನದು. ಅದನ್ನು ತಲೆಯ ಕಡೆಗೆ ಇಟ್ಟಳು. ಈಚಿನ ವರ್ಷಗಳಲ್ಲಿ ಅದೊಂದನ್ನು ಹುಡುಕಿ ಇಡದೆ ಅವಳು ಇಳಿದು ಬಂದದ್ದಿಲ್ಲ.

ಕೇರಿಗೆ ತಿರುಗಿದಾಗ ಟೆಕೋಸಿಸಳ ಜಗಲಿಯ ಮೇಲೆ ತೋರ ಮೈಯ ಹೆಂಗಸೊಬ್ಬಳು ಬೆನ್ನು ಮಾಡಿ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. ಹೆರಾಯಿಸ್! ಕೊಪ್ರಿಯಾ ಪಾರಿವಾಳದ ಗೂಡಿನ ಮರೆಗೆ ನಿಂತುಬಿಟ್ಟಳು. ಟೆಕೋಸಿಸಳ ಬಾಯಿ ಎಂದಿನಂತೆ ಓಡುತ್ತಿತ್ತು.

"ಅವಳಾ? ಹುಚ್ಚಿ ಕಣಮ್ಮ ಅವಳು. ಚಿಂದಿ ಆಯೋಕೆ ಹೋಗ್ತಾಳೆ ಅಂದ್ಕೊಂಡ್ರಾ? ಚಿಂದಿ ಆಯೋರ ಬುಟ್ಟಿ ಖಾಲಿ ಹೋಗಿ ತುಂಬಿ ಬರುತ್ತೆ. ಇವಳದು ತುಂಬಿ ಹೋಗಿ ಖಾಲಿ ಬರುತ್ತೆ! ಕಣ್ಣಿಲ್ವಾ ನಮಗೆ?"

"ಹಂಗಾದ್ರೆ ಏನು ಮಾಡ್ತಾಳೆ ಅಲ್ಲಿ?"

"ಹೂಳ್ತಾಳೆ. ಸತ್ತಿರೋ ಕೂಸುಗಳ್ನ. ದಿನಾ. ನಾನು ಮದುವೆಯಾಗಿ ಈ ಕೇರಿಗೆ ಬಂದಾಗಿಂದ ನೋಡ್ತಿದೀನಿ." ಬೀಸುಕಲ್ಲು ನಿಂತಿತು. ಟೆಕೋಸಿಸಳ ದನಿ ಕೆಳಗಿಳಿಯಿತು. "ನಮ್ಮನೇದೂ ಒಂದು ಅಲ್ಲೇ ಇದೆ ಕಣಮ್ಮ. ನಾಲ್ಕನೇದೂ ಹೆಣ್ಣು ಅಂತ ನನ್ನ ಗಂಡ ಬೇಡ ಅಂದ. ಮಾರನೇ ಬೆಳಿಗ್ಗೆ ಇವಳು ಗುಡ್ಡದಿಂದ ಬಂದೋಳು ನನ್ನ ಬಾಗಿಲಲ್ಲಿ ನಿಂತ್ಲು. ಕೈಯೆಲ್ಲ ಬೂದಿಮಣ್ಣು. ಒಂದು ಮಾತಾಡ್ಲಿಲ್ಲ. ಹಿಂಗೆ ತಲೆ ಆಡಿಸಿದ್ಲು, ಆಯ್ತು, ಭೂಮಿಗೆ ಸೇರಿಸ್ದೆ ಅನ್ನೋ ಹಂಗೆ. ಅವತ್ತಿಂದ ದಿನಾ ಅವಳ್ನ ಆಡ್ಕೋತೀನಿ. ತವರಿಗೆ ಹೊರಟ್ಯಾ, ಅವ್ವನ್ನ ಕೇಳಿದೆ ಅನ್ನು, ಅಂತ. ಆಡ್ಕೊಳ್ದೆ ಇದ್ರೆ ಅತ್ತುಬಿಡ್ತೀನಲ್ಲಮ್ಮ, ಏನ್ಮಾಡ್ಲಿ?"

ಕೊಪ್ರಿಯಾಳಿಗೆ ಸಿಟ್ಟು ಬಂತು. ಅಷ್ಟು ವರ್ಷ ಕಾಪಾಡಿದ್ದನ್ನು ಜಗಲಿ ಮೇಲೆ ಹರವಿದಳಲ್ಲ ಎಂದು. ಮರೆಯಿಂದ ಹೊರಬಂದು, "ಯಾರೇ ನಿನ್ನ ಕೇಳಿದ್ದು?" ಎಂದಳು.

"ಈಯಮ್ಮ ಕೇಳಿದ್ರು! ಬಾಯಿ ಬಿಟ್ಟು ಕೇಳಿದ್ರು!" ಎಂದು ಟೆಕೋಸಿಸ್ ಕಣ್ಣೊರೆಸಿಕೊಂಡು ಮತ್ತೆ ಬೀಸತೊಡಗಿದಳು. "ನಿನ್ನ ಬಗ್ಗೆ ಕೇಳ್ಕೊಂಡು ಈ ಕೇರಿಗೆ ಬಂದೋರು ಇವ್ರೇ ಮೊದಲ್ನೇರು. ಹೇಳ್ದೆ ಇರ್ಲಾ?"

ಹೆರಾಯಿಸ್ ಎದ್ದು, ಕೊಪ್ರಿಯಾಳ ಹಿಂದೆಯೇ ಅವಳ ಕೋಣೆಗೆ ಬಂದಳು. ಒಂದು ಚಾಪೆ, ಒಂದು ಹೂಜಿ, ಒಂದು ಬಟ್ಟಲು, ಗೂಡಿನಲ್ಲಿ ಹರಳೆಣ್ಣೆ ದೀಪ. ಕೊಪ್ರಿಯಾ ಬಟ್ಟಲಿನಲ್ಲಿ ನೀರು ಕೊಟ್ಟಳು. ಹೆರಾಯಿಸ್ ಕುಡಿದು, ಅವಳಿಗೆ ಕೊಡಲು ಇನ್ನೊಂದು ಬಟ್ಟಲಿಗಾಗಿ ಸುತ್ತ ನೋಡಿದಳು. ಇರಲಿಲ್ಲ. ಅದೇ ಬಟ್ಟಲನ್ನು ತುಂಬಿ ಕೊಟ್ಟಳು.

"ನಂಗೆ ಯಾಕೆ ಹೇಳ್ಲಿಲ್ಲ ಕೊಪ್ರಿಯಾ?"

"ನೀವು ರೊಟ್ಟಿ ಎಷ್ಟು ಬೇಕು ಅಂತ ಕೇಳ್ತಿದ್ರಿ. ಅದನ್ನ ಹೇಳ್ತಿದ್ದೆ."

ಹೆರಾಯಿಸ್ ತಲೆ ತಗ್ಗಿಸಿ ಕೂತಳು. "ಮನೇಲಿ ಒಬ್ಳೇ ಇರೋದು ಹೆಂಗಿರುತ್ತೆ ಅಂತ ನಂಗೂ ಗೊತ್ತಿದೆ. ಗೊತ್ತಿದ್ದೂ ಕೇಳ್ಲಿಲ್ಲ. ಒಲೆ ಹಿಂದೆ ಯಾರೋ ನಿಂತ್ಕೋತಾರೆ ಅಂತ ಗೋಡೆ ಮೇಲಿನ ಮಸಿ ಒರೆಸಿಹೋಗಿರೋದು ನೋಡಿ ಗೊತ್ತಿತ್ತು. ಕಳ್ಳ ಇರ್ಬೇಕು ಅಂದ್ಕೊಂಡಿದ್ದೆ ಕಣೇ."

"ಕದಿಯೋಕೇ ನಿಲ್ತಿದ್ದೆ," ಎಂದಳು ಕೊಪ್ರಿಯಾ.

ಹಬ್ಬದ ಹಿಂದಿನ ಕೂಟದಲ್ಲಿ ಹೆರಾಯಿಸ್ ಎದ್ದು ನಿಂತು ಹೇಳಿದ್ದು ನಾಲ್ಕೇ ಮಾತು. "ನಾನು ಈಕೆ ಮನೆಗೆ ಹೋಗಿದ್ದೆ. ಈಕೆ ಹೆಂಗೆ ಬಾಳ್ತಾಳೆ ಅಂತ ಕಂಡೆ. ಬಿಡಿಸಿ ಹೇಳಲ್ಲ, ಹೇಳಿದ್ರೆ ಇಲ್ಲಿ ಕೆಲವ್ರಿಗೆ ನೋವಾಗುತ್ತೆ. ನನ್ನ ಮಾತಿಗೆ ಬೆಲೆ ಇದ್ರೆ ಇವಳ್ನ ಒಳಗೆ ತಗೊಳ್ಳಿ." ಪೌಸಿರಿಸ್ ಇನ್ನೇನೂ ಕೇಳಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಮುಸುಕು ಮುಂದೆಳೆದುಕೊಂಡಳು.

ಹಬ್ಬದ ದಿನ ಕೋಳಿ ಕೂಗುವ ಹೊತ್ತಿಗೆ ಕಾಲುವೆಯಲ್ಲಿ ಅವಳನ್ನು ನೀರಿಗಿಳಿಸಿದರು. ನೀರು ತಣ್ಣಗಿತ್ತು, ಕೆಳಗೆ ಕೆಸರು ಬೆಚ್ಚಗಿತ್ತು. ಯಾವ ಹೆಸರಿನಿಂದ ಎಂದು ಪೌಸಿರಿಸ್ ಮೆಲ್ಲಗೆ ಕೇಳಿದ. ಬೇರೆ ಹೆಸರು ಬೇಕಿದ್ದರೆ ಇಟ್ಟುಕೊಳ್ಳಬಹುದು ಎಂದ. "ಬೇಡ ಅಯ್ಯಾ," ಎಂದಳು. "ನಾನು ಕೊಪ್ರಿಯಾನೇ. ಅಲ್ಲಿರೋವುಕ್ಕೆ ನನ್ನ ಬಿಟ್ರೆ ನೆಂಟರಿಲ್ಲ."

ಒಣ ಬಟ್ಟೆ ಉಡಿಸಿ, ಎಣ್ಣೆ ಹಚ್ಚಿ, ಅವಳನ್ನು ಆ ಕೋಣೆಗೆ ಕರೆತಂದರು. ಹೋರಿಯೋನ್ ಕೋಲು ಕುಟ್ಟಿ, "ಕಲಿಯೋರು ಹೊರಡಿ!" ಎಂದ. ಅವಳ ಕಾಲು ಅಭ್ಯಾಸಬಲದಿಂದ ಎದ್ದೇಬಿಟ್ಟಿತ್ತು. "ನೀನಲ್ಲ ಕಣವ್ವಾ, ಕೂತ್ಕೋ!" ಎಂದು ಅವನು ಗದರಿದ. ಇಡೀ ಕೋಣೆ ನಕ್ಕಿತು. ಬಾಗಿಲು ಮುಚ್ಚಿತು. ಈ ಬಾರಿ ಅದು ಅವಳ ಬೆನ್ನ ಹಿಂದೆ, ಒಳಗಿನಿಂದ ಮುಚ್ಚಿತು.

ಹೆರಾಯಿಸ್ ಮುಂದೆ ಬಂದು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಹಿಟ್ಟಿನ ವಾಸನೆಯ ಒರಟು ಕೈ. "ಸಮಾಧಾನ ತಂಗಿ," ಎಂದು ಕೆನ್ನೆಗೆ ಮುತ್ತಿಟ್ಟಳು. ಅದನ್ನು ತಿರುಗಿ ಕೊಡಬೇಕು, ಪಕ್ಕದವಳಿಗೂ ದಾಟಿಸಬೇಕು. ಹೇಗೆಂದು ಕೊಪ್ರಿಯಾಳಿಗೆ ಮರೆತುಹೋಗಿತ್ತು. ಕಿವಿಯ ಹಿಂದಿನ ಒಂದು ಮಚ್ಚೆ ಬಿಟ್ಟರೆ ಅವಳ ತುಟಿಗೆ ಬೇರೆ ಗುರುತು ಇರಲಿಲ್ಲ. ಪಕ್ಕದಲ್ಲಿ ಬಣ್ಣಗಾರನ ಮನೆಯ ಆಳುಹುಡುಗಿ, ಮೊಣಕೈವರೆಗೆ ನೀಲಿ ಬಣ್ಣ ಹತ್ತಿದವಳು, ಕಣ್ಣುಮುಚ್ಚಿ ಕೆನ್ನೆಯೊಡ್ಡಿ ಕಾಯುತ್ತಿದ್ದಳು. ಅವಳಿಗೂ ಅದು ಮೊದಲನೆಯದೇ. ಕೊಪ್ರಿಯಾ ಬಗ್ಗಿ, ಕೆನ್ನೆ ತಪ್ಪಿ ಕಿವಿಯ ಹತ್ತಿರ ಮುತ್ತಿಟ್ಟಳು. "ಸಮಾಧಾನ," ಎಂದಳು. ಸ್ವಲ್ಪ ತಡೆದು, "ಮಗಳೇ," ಎಂದಳು. ತಂಗಿ ಎನ್ನಬೇಕಿತ್ತು. ಯಾರೂ ತಿದ್ದಲಿಲ್ಲ.

ಹೊಸದಾಗಿ ನೀರಿಗಿಳಿದವರಿಗೆ, ಹೊಸದಾಗಿ ಹುಟ್ಟಿದವರು ಎಂದು, ಜೇನು ಬೆರೆಸಿದ ಹಾಲು ಕೊಡುವುದು ಅವರ ಪದ್ಧತಿ. ಹೆರಾಯಿಸ್ ಬಟ್ಟಲನ್ನು ಅವಳ ಬಾಯಿಗೆ ಹಿಡಿದಳು. ಬೇರೆಯವರ ಮಗುವಿಗೆ ವರ್ಷಗಟ್ಟಲೆ ಹಾಲು ಸುರಿದವಳು ಅವಳು. ತನಗೆ ಹೀಗೆ ಬಾಯಿಗೆ ಹಿಡಿದು ಯಾರು ಕೊಟ್ಟದ್ದಿತ್ತೋ, ಕತ್ತೆಯ ಹಾಲು ಕುಡಿದು ಬೆಳೆದವಳು ಎಂದು ಪೆಕೂಸಿಸ್ ಹೇಳುತ್ತಿದ್ದುದಷ್ಟೇ ನೆನಪು. ಕಣ್ಣು ಮುಚ್ಚಿ ತಳದವರೆಗೆ ಕುಡಿದಳು. ಕೊನೆಯ ಗುಟುಕಿನಲ್ಲಿ ಕಿಂಡಿಯ ಕಡೆ ಕಣ್ಣು ಹೋಯಿತು. ಬೆಳಕು ಬಂದಿತ್ತು.

"ಅಕ್ಕ, ನಾನು ಹೋಗ್ಬೇಕು," ಎಂದು ಪಿಸುಗುಟ್ಟಿದಳು. "ಹೊತ್ತು ಮೀರಿತು. ನಾಯಿಗಳು ಮುಂಚೆ ಹೋಗ್ಬಿಡ್ತವೆ."

"ಇವತ್ತೂನಾ?"

"ಇವತ್ತು ಯಾರೂ ಬಿಸಾಕಿಲ್ಲ ಅಂತ ಹೆಂಗೆ ಹೇಳೋದು?"

ಹೆರಾಯಿಸ್ ಮುಸುಕು ಹೊದ್ದಳು. "ನಡಿ. ನಾನೂ ಬರ್ತೀನಿ."

ಬಾತುಕೇರಿ ದಾಟುವಾಗ ಟೆಕೋಸಿಸ್ ಬೀಸುಕಲ್ಲು ನಿಲ್ಲಿಸಿ ಇಬ್ಬರನ್ನೂ ನೋಡಿದಳು. "ಏನೇ, ಇವತ್ತು ತವರಿಗೆ ಜೊತೆ ಬೇರೆ ಸಿಕ್ಕಿದೆ!" ಎಂದು ಕೂಗಿದಳು. ದನಿ ಮಾತ್ರ ಎಂದಿನಂತಿರಲಿಲ್ಲ. ಕೊಪ್ರಿಯಾ ಕೋಣೆಯಿಂದ ಬುಟ್ಟಿ, ಗುದ್ದಲಿ ತಂದಳು.

ಗುಡ್ಡದ ಬುಡದವರೆಗೆ ಹೆರಾಯಿಸ್ ಬಂದಳು. ಚೂರುಗಳು ಜಾರುವ ಏರಿನಲ್ಲಿ ಒಂದಷ್ಟು ಹತ್ತಿದಳು, ಮಂಡಿ ಕೇಳಲಿಲ್ಲ. ಏದುಸಿರು ಬಿಡುತ್ತ ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು. "ನನ್ನ ಕೈಲಿ ಆಗಲ್ಲ ಕಣೇ. ಹೋಗು ನೀನು."

"ನೀವು ಮನೆಗೆ ಹೋಗಿ ಅಕ್ಕ. ಹಬ್ಬದ ಊಟ ಇದೆ."

"ಹೋಗು ಅಂದೆನಲ್ಲ."

ಕೊಪ್ರಿಯಾ ಒಬ್ಬಳೇ ಹತ್ತಿದಳು. ಹದ್ದುಗಳು ಆಗಲೇ ಸುತ್ತುತ್ತಿದ್ದವು. ಮೇಲೆ, ಹರಿದ ಚಾಪೆಯೊಂದರ ಅಡಿಯಲ್ಲಿ, ಅಂದಿನ ಕೂಸಿತ್ತು. ಮೊಣಕಾಲೂರಿ ಬಟ್ಟೆ ತೆಗೆದಳು. ಎಂದಿನ ಕೆಲಸ, ಎಂದಿನ ಗಾಳಿ, ಎಂದಿನ ಬೂದಿ. ಅದರಲ್ಲಿ ಏನೂ ಬದಲಾಗಿರಲಿಲ್ಲ. ಮುಗಿಸಿ ಹಿಡಿಯ ಚೂರನ್ನು ತಲೆಯ ಕಡೆ ಒತ್ತಿ, ಎದ್ದು, ಇಷ್ಟು ವರ್ಷದಲ್ಲಿ ಎಂದೂ ಮಾಡದ ಒಂದು ಕೆಲಸ ಮಾಡಿದಳು: ತಿರುಗಿ ಕೆಳಗೆ ನೋಡಿದಳು.

ಬುಡದ ಕಲ್ಲಿನ ಮೇಲೆ ತೋರ ಮೈಯ ಹೆಂಗಸೊಬ್ಬಳು ಬೆನ್ನಿಗೆ ಬಿಸಿಲು ಬೀಳಿಸಿಕೊಂಡು, ಇವಳ ಕಡೆಗೇ ಮುಖ ಮಾಡಿ ಕೂತಿದ್ದಳು.